ಇರುವುದು ಒಂದೇ ಜೊತೆ ಪೌಡರ್ ಸ್ಕೀ (ಹೊಸದಾಗಿ ಬಿದ್ದ ಮೆತ್ತಗಿನ ಹಿಮಕ್ಕೆಂದು ಮಾಡಿದ್ದು), 118 ಮಿ.ಮೀ. ಅಗಲ. ಎಲ್ಲ ಥರದ ಹಿಮಕ್ಕೂ ಅದನ್ನೇ ಹಾಕಬಹುದಾ?

ಕಾಳಿದಂಡೆ (ಕಾರವಾರ)
ಎಲ್ಲರಿಗೂ ನಮಸ್ಕಾರ. ಹಿಮ ಅಂದ್ರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವ ವಸ್ತು ಅಂತ ತಿಳಿದೇ ಮೂವತ್ತು ವರ್ಷ ಕಳೆದವನು ನಾನು. ಆಮೇಲೆ ಗುಲ್ಮಾರ್ಗಿಗೆ ಹೋಗಿ ಸ್ಕೀ ಕಲಿತೆ, ಹುಚ್ಚು ಹಿಡಿಯಿತು. ಈಗ ವರ್ಷಕ್ಕೆ ಎರಡು ವಾರ ರಜೆ ಕೂಡಿಸಿಟ್ಟು ಅಲ್ಲಿಗೇ ಓಡುತ್ತೇನೆ. ನಾಲ್ಕು ಚಳಿಗಾಲ ಆಯಿತು.

ಹೋದ ಚಳಿಗಾಲದಲ್ಲಿ ಊರಿಗೆ ಹೊರಟಿದ್ದ ಒಬ್ಬ ವಿದೇಶಿ ತನ್ನ ಸ್ಕೀ ಮಾರಿದ. ಸೊಂಟ (ನಡುಭಾಗದ ಅಗಲ) 118 ಮಿ.ಮೀ., ಉದ್ದ 184 ಸೆಂ.ಮೀ., ಬೈಂಡಿಂಗ್ (ಬೂಟನ್ನು ಹಿಡಿಯುವ ಕೊಂಡಿ) ಸಮೇತ 22 ಸಾವಿರ. ಚೌಕಾಸಿ ಕೂಡ ಮಾಡದೆ ತೆಗೆದುಕೊಂಡೆ. ಅದೇ ರಾತ್ರಿ ಹಿಮ ಬಿತ್ತು. ಮರುದಿನ ಅಲ್ಲಿನ ಅಫರ್ವತ್ ಶಿಖರದ ಮೇಲಿಂದ ಇಳಿದೆ ನೋಡಿ, ಹಿಂದಿನ ಮೂರು ವರ್ಷ ಮೊಣಕಾಲುಮಟ್ಟ ಹೂತು ಒದ್ದಾಡಿದ್ದ ಜಾಗದಲ್ಲಿ ಕಾಲ ಕೆಳಗೆ ಏನೂ ಇಲ್ಲದ ಹಾಗೆ ಜಾರಿಬಂದೆ. ಕೆಳಗೆ ಬಂದು ಒಬ್ಬನೇ ನಕ್ಕೆ.

ಆಮೇಲೆ ಒಂಬತ್ತು ದಿನ ಒಂದು ಹಿಡಿ ಹಿಮ ಬೀಳಲಿಲ್ಲ. ಇದ್ದದ್ದು ಗಟ್ಟಿಯಾಯಿತು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಇಳಿದರೆ ಸಿಮೆಂಟು. ತಿರುವಿನಲ್ಲಿ ಸ್ಕೀ ದಡದಡ ಅಂತ ಕುಣಿಯುತ್ತದೆ, ಹಿಡಿತ ಇಲ್ಲ. ಸಂಜೆಗೆ ಎರಡೂ ಮೊಣಕಾಲಿನ ಒಳಬದಿ ನೋವು.

ಈಗ ಪ್ರಶ್ನೆ. ಇದನ್ನೇ ದಿನಬಳಕೆಗೆ ಇಟ್ಟುಕೊಳ್ಳಲಾ, ಮಾರಿ 90-95ರದ್ದು ತಗೊಳ್ಳಲಾ? ಎರಡು ಜೊತೆ ಇಡಲು ದುಡ್ಡೂ ಇಲ್ಲ, ಮನೆಯಲ್ಲಿ ಜಾಗವೂ ಇಲ್ಲ, ಹೆಂಡತಿಯ ತಾಳ್ಮೆಯೂ ಇಲ್ಲ. ನನ್ನ ತೂಕ 82 ಕಿಲೋ. ಬರುವ ಫೆಬ್ರವರಿಗೆ ಉತ್ತರಾಖಂಡದ ಔಲಿಗೂ ಹೋಗುವ ಯೋಚನೆ ಇದೆ.

ಬಳಚು (ಕುಮಟಾ)
ಕಾರವಾರದಲ್ಲಿ ಸ್ಕೀ ಇಟ್ಟುಕೊಂಡವರೊಬ್ಬರು ಇದ್ದಾರೆ ಅಂತ ಗೊತ್ತಾದದ್ದೇ ಇವತ್ತಿನ ಲಾಭ.

ಉಪ್ಪುಗಾಳಿ (ಅಂಕೋಲಾ)
ಮಾರಿಬಿಡಿ. ಯೋಚನೆ ಬೇಡ.

ನಾನು ಗುಲ್ಮಾರ್ಗಿನಲ್ಲಿ ಎರಡು ಕೋರ್ಸ್ ಮಾಡಿದ್ದೇನೆ, ಆಮೇಲೂ ಏಳೆಂಟು ಸಲ ಹೋಗಿದ್ದೇನೆ. ಹದಿನಾಲ್ಕು ದಿನದ ಪ್ರವಾಸದಲ್ಲಿ ನಿಜವಾದ ಪೌಡರ್ ಸಿಗುವುದು ಎಷ್ಟು ದಿನ? ಪುಣ್ಯ ಇದ್ದರೆ ನಾಲ್ಕು. ಇಲ್ಲದಿದ್ದರೆ ಸೊನ್ನೆ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಬಯಲು ನಮ್ಮ ಕಾನಸೂರಿನ ಬೇಣದ ಹಾಗೆ ಒಣಹುಲ್ಲು ಕಾಣಿಸುತ್ತಿತ್ತು. ಚಿಲ್ಲೈ ಕಲಾನ್ ಅಂದರೆ ಡಿಸೆಂಬರ್ 21ರಿಂದ ನಲವತ್ತು ದಿನ, ಹಿಮ ಚೆನ್ನಾಗಿ ಬೀಳಬೇಕಾದ ಕಾಲ. ಅದೇ ಹಾಗಿತ್ತು. 2025ರಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಿದರು. ಇಂಥ ಜಾಗಕ್ಕೆ 118ರ ಸ್ಕೀ ಒಂದನ್ನೇ ಹೊತ್ತುಕೊಂಡು ಹೋಗುವುದು ಅಂದರೆ ವರ್ಷವಿಡೀ ಗಂಬೂಟು ಹಾಕಿಕೊಂಡು ಓಡಾಡಿದ ಹಾಗೆ.

ಔಲಿಗಂತೂ ಬೇಡವೇ ಬೇಡ. ಅಲ್ಲಿನ ಇಳಿಜಾರು ಹೆಚ್ಚಿನ ದಿನ ಗಟ್ಟಿ. ಮಷಿನ್ನಿನಿಂದ ಮಾಡಿದ ಹಿಮವಾದರೆ ಇನ್ನೂ ಗಟ್ಟಿ.

ಡೆನ್ವರ್ ಭಟ್ಟ (ಶಿರಸಿ, ಈಗ ಕೊಲೊರಾಡೊ)
ಉಪ್ಪುಗಾಳಿಯವರೇ, ಇಷ್ಟು ಖಡಾಖಂಡಿತ ಬೇಡ ಮಾರಾಯ್ರೇ. ನಾನು ಐದು ವರ್ಷದಿಂದ 112ರ ಒಂದೇ ಜೊತೆ ಇಟ್ಟುಕೊಂಡಿದ್ದೇನೆ. ಪೌಡರ್, ಮಷಿನ್ ಹೊಡೆದು ಸಪಾಟು ಮಾಡಿದ ಇಳಿಜಾರು, ಮರಗಳ ನಡುವೆ, ಏಪ್ರಿಲ್‌ನ ಗಂಜಿಯಂಥ ಹಿಮ, ಎಲ್ಲಕ್ಕೂ ಅದೇ. ಬದುಕಿದ್ದೇನೆ.

ಅಗಲ ಒಂದನ್ನೇ ನೋಡಿ ಹೇಳಬಾರದು. ಸ್ಕೀಯನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ಬೂಟಿನ ಕೆಳಗಿನ ಭಾಗ ಕಮಾನಿನ ಹಾಗೆ ಸ್ವಲ್ಪ ಮೇಲೆದ್ದಿದ್ದರೆ ಗಟ್ಟಿ ಹಿಮದಲ್ಲೂ ಸ್ಕೀಯ ಪಕ್ಕದ ಉಕ್ಕಿನ ಅಂಚು ಕಚ್ಚುತ್ತದೆ. ಪೂರ್ತಿ ಬಾಳೆಹಣ್ಣಿನ ಹಾಗೆ ಎರಡೂ ತುದಿ ಮೇಲಿದ್ದು ನಡುವೆ ಮಾತ್ರ ನೆಲಕ್ಕೆ ತಾಗಿದರೆ ಅದು ಪೌಡರಿಗೆ ಮಾತ್ರ ಹುಟ್ಟಿದ್ದು. ಅಂಥದ್ದರಲ್ಲಿ ಗಟ್ಟಿ ಹಿಮದ ಮೇಲೆ 184 ಸೆಂ.ಮೀ. ಉದ್ದದಲ್ಲಿ ಕೆಲಸ ಮಾಡುವ ಅಂಚು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದದ್ದು ಗಾಳಿಯಲ್ಲಿ ಕುಣಿಯುತ್ತದೆ. ನಿಮಗೆ ಕೇಳಿದ ದಡದಡ ಅದೇ ಇರಬಹುದು.

ಇನ್ನೊಂದು, ಓಡಿಸುವ ರೀತಿ. ಅಗಲದ ಸ್ಕೀಯನ್ನು ಗಟ್ಟಿ ಹಿಮದಲ್ಲಿ ಜಾಸ್ತಿ ವಾಲಿಸಿ ಕೆತ್ತಲು ಹೋಗಬೇಡಿ. ಕಾಲು ಸ್ವಲ್ಪ ಅಗಲಿಸಿ ನಿಂತು, ಸ್ಕೀಯನ್ನು ಚಪ್ಪಟೆಯಾಗಿ ಇಟ್ಟು ಜಾರಿಸಿ ತಿರುಗಿಸಿ. ಚಂದ ಕಾಣುವುದಿಲ್ಲ, ಮೊಣಕಾಲು ಉಳಿಯುತ್ತದೆ.

ಉಪ್ಪುಗಾಳಿ
ಭಟ್ರೇ, ನಿಮಗೆ ವಾರಕ್ಕೊಮ್ಮೆ ಹೊಸ ಹಿಮ ಬೀಳುತ್ತದೆ, ಬೀಳದಿದ್ದರೆ ಶನಿವಾರ ಮನೆಯಲ್ಲಿ ಮಲಗುತ್ತೀರಿ. ಇವರು ರಜೆ ಹಾಕಿ, ರೈಲು ಹತ್ತಿ, ವಿಮಾನ ಹತ್ತಿ ಹೋಗುವವರು. ಸಿಕ್ಕ ಹಿಮದಲ್ಲಿ ಆಡಲೇಬೇಕು. ನಿಮ್ಮ ಲೆಕ್ಕ ಇವರಿಗೆ ಬರುವುದಿಲ್ಲ.

ಡೆನ್ವರ್ ಭಟ್ಟ
ಇದು ಒಪ್ಪುವ ಮಾತು. ಆದರೆ ಇವರು ಅಷ್ಟು ದೂರ ಹೋಗುವುದು ಪೌಡರಿಗಾಗಿಯೇ ಅಲ್ವಾ? ಆ ಎರಡು ದಿನ ಬಂದಾಗ ಕಾಲಲ್ಲಿ 80ರ ಸ್ಕೀ ಇದ್ದರೆ ಮುಂದಿನ ವರ್ಷದವರೆಗೂ ಹೊಟ್ಟೆ ಉರಿಯುತ್ತದೆ.

ಮಾಸ್ತರು (ಹೊನ್ನಾವರ)
ನಾನು ಸ್ಕೀ ಮಾಡಿದವನಲ್ಲ. ಮೂವತ್ತೆರಡು ವರ್ಷ ಫಿಸಿಕ್ಸ್ ಕಲಿಸಿದವನು. ಸಂಖ್ಯೆ ಕಣ್ಣಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ, ಕ್ಷಮಿಸಿ.

ಮೊದಲು ತೇಲುವ ವಿಷಯ. 118 ಮಿ.ಮೀ. ಗುಣಿಸು 184 ಸೆಂ.ಮೀ. ಅಂದರೆ ಒಂದು ಸ್ಕೀಗೆ ಸುಮಾರು 2,170 ಚದರ ಸೆಂ.ಮೀ. (ತುದಿಗಳ ಅಗಲ ಬಿಟ್ಟು). ಬಾಡಿಗೆಗೆ ಸಿಗುವ 80 ಮಿ.ಮೀ., 170 ಸೆಂ.ಮೀ. ಸ್ಕೀಗೆ 1,360. ನಿಮ್ಮದು 60 ಪ್ರತಿಶತ ಜಾಸ್ತಿ. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ, ನೀರು 1,000 ಕಿಲೋ. ಇಂಥ ಹತ್ತಿಯಂಥ ವಸ್ತುವಿನ ಮೇಲೆ ನಿಲ್ಲಲು ಪಾದ ಅಗಲ ಇದ್ದಷ್ಟೂ ಒಳ್ಳೆಯದು. ಇದರಲ್ಲಿ ತಕರಾರಿಲ್ಲ.

ಈಗ ಮೊಣಕಾಲು. ಸ್ಕೀ ಬೂಟಿನ ಅಟ್ಟೆ ಮುಂಭಾಗದಲ್ಲಿ ಸುಮಾರು 7 ಸೆಂ.ಮೀ. ಅಗಲ. ಸ್ಲಾಲಂ ಓಟದ (ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಪರ್ಧೆ) ಸ್ಕೀಯ ಸೊಂಟವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅಂಚು ಪಾದದ ಅಡಿಯಲ್ಲೇ ಇರುತ್ತದೆ. ನಿಮ್ಮದರಲ್ಲಿ ಅಂಚು ಪಾದದ ನಡುವಿನಿಂದ 59 ಮಿ.ಮೀ. ದೂರ, ಅಟ್ಟೆಯಿಂದ ಎರಡೂವರೆ ಸೆಂ.ಮೀ. ಹೊರಗೆ. 80ರ ಸ್ಕೀಯಲ್ಲಿ ಈ ದೂರ 40 ಮಿ.ಮೀ. ಗಟ್ಟಿ ಹಿಮದಲ್ಲಿ ಇಡೀ ಭಾರವನ್ನು ಹೊರುವುದು ಆ ಅಂಚಿನ ಗೆರೆ ಒಂದೇ. ಹಾಗಾಗಿ ಪಾದವನ್ನು ತಿರುಚುವ ಬಲ ಸುಮಾರು ಒಂದೂವರೆ ಪಟ್ಟು. ಬೂಟು ಕಣಕಾಲನ್ನು ಬಿಗಿಯಾಗಿ ಹಿಡಿದಿದೆ. ತಿರುಚು ಎಲ್ಲಿಗೆ ಹೋಗಬೇಕು? ಮೇಲಿನ ಕೀಲಿಗೆ.

ಅಡಿಕೆ ಕೊಯ್ಯುವವರಿಗೆ ಇದು ಪಾಠ ಇಲ್ಲದೆ ಗೊತ್ತು. ಅಡಿಕೆ ಕೊನೆ (ಗೊನೆ) ಕೈಯಲ್ಲಿದ್ದರೆ ಒಂದು ಭಾರ, ದೋಟಿಯ ತುದಿಯಲ್ಲಿದ್ದರೆ ಇನ್ನೊಂದು.

ಮೆತ್ತಗಿನ ಹಿಮದಲ್ಲಿ ಈ ತೊಂದರೆ ಯಾಕಿಲ್ಲ ಅಂದರೆ, ಅಲ್ಲಿ ಹಿಮ ಇಡೀ ತಳವನ್ನು ಒತ್ತುತ್ತದೆ. ಬಲ ಪಾದದ ಕೆಳಗೇ ಬಂದು ಕೂರುತ್ತದೆ.

ಕಾಳಿದಂಡೆ
ಮಾಸ್ತರ್ರೇ, ನಾಲ್ಕು ವರ್ಷ ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. "ಅಗಲ ಆದರೆ ಕಷ್ಟ" ಅಂತ ಎಲ್ಲರೂ ಹೇಳುತ್ತಿದ್ದರು, ಯಾಕೆ ಅಂತ ಕೇಳಿದರೆ ಚಾ ಕುಡಿಯಲು ಹೋಗುತ್ತಿದ್ದರು.

ದೇವಿಮನೆ ತಿರುವು (ಶಿರಸಿ)
ಮಾಸ್ತರ್ರಿಗೆ ಒಂದು ಪ್ರಶ್ನೆ. ಸ್ನೋಬೋರ್ಡು 25 ಸೆಂ.ಮೀ. ಅಗಲ ಇರುತ್ತದಲ್ಲ, ನಿಮ್ಮ ಲೆಕ್ಕದಲ್ಲಿ ಅವರ ಮೊಣಕಾಲು ಮೊದಲ ದಿನವೇ ಕಳಚಿ ಬೀಳಬೇಕಿತ್ತು?

ಮಾಸ್ತರು
ಒಳ್ಳೆಯ ಪ್ರಶ್ನೆ. ಅವರು ಹಲಗೆಯ ಮೇಲೆ ಅಡ್ಡಡ್ಡ ನಿಲ್ಲುತ್ತಾರೆ. ಬೆರಳಿನ ತುದಿ ಒಂದು ಅಂಚಿನ ಮೇಲೆ, ಹಿಮ್ಮಡಿ ಇನ್ನೊಂದು ಅಂಚಿನ ಮೇಲೆ. ಹಲಗೆ ಎಷ್ಟೇ ಅಗಲವಾದರೂ ಅಂಚು ಪಾದದ ಅಡಿಗೇ ಬಂತು. ಅಗಲ ಎಷ್ಟು ಅನ್ನುವುದಲ್ಲ, ಪಾದ ಮುಗಿದ ಮೇಲೆ ಎಷ್ಟು ಉಳಿಯಿತು ಅನ್ನುವುದು.

ಹಾಳೆಟೊಪ್ಪಿ (ಶಿರಸಿ ಹತ್ತಿರದ ಒಂದು ಹಳ್ಳಿ)
ನಾನೂ ಹಿಮ ಕಂಡವನಲ್ಲ. ಆದರೆ ಈ ಚರ್ಚೆಯಲ್ಲಿ ಮಾತಾಡುವ ಹಕ್ಕು ನನಗಿದೆ, ಯಾಕೆ ಅಂತ ಹೇಳುತ್ತೇನೆ.

ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮಾರ್ಚ್ ತಿಂಗಳು ಅಂದರೆ ದರಕು (ಒಣ ಎಲೆ) ಒಂದು ಗೇಣು ಬಿದ್ದಿರುತ್ತಿತ್ತು. ಮಕ್ಕಳೆಲ್ಲ ಅಡಿಕೆ ಹಾಳೆ ತಗೊಂಡು ಮೇಲೆ ಹತ್ತುವುದು, ಅದರ ಮೇಲೆ ಕೂತು ಸೋಗೆ ಹಿಡಿದು ಕೆಳಗೆ ಜಾರುವುದು. ಆಗ ಹಾಳೆ ಆರಿಸುವುದೇ ಒಂದು ವಿದ್ಯೆ. ದರಕಿನ ಮೇಲೆ ದೊಡ್ಡ ಹಾಳೆಯೇ ಬೇಕು. ಸಣ್ಣದು ತಗೊಂಡರೆ ಎಲೆಯೊಳಗೆ ಮೂತಿ ಹೂತು ನಿಂತುಬಿಡುತ್ತಿತ್ತು, ನೀವು ಮಾತ್ರ ಮುಂದೆ ಹೋಗುತ್ತಿದ್ದಿರಿ. ಅದೇ ದೊಡ್ಡ ಹಾಳೆಯಲ್ಲಿ ದರಕು ಗುಡಿಸಿದ ಜಾಗಕ್ಕೆ, ಅಂದರೆ ಗಟ್ಟಿ ಮಣ್ಣಿನ ಕಾಲುದಾರಿಗೆ ಬಂದಿರೋ, ಮುಗಿಯಿತು. ಎತ್ತ ವಾಲಿದರೂ ತಿರುಗುವುದಿಲ್ಲ. ನಮ್ಮ ದೊಡ್ಡಪ್ಪನ ಮಗ ಹಾಗೆ ಸೀದಾ ಹೋಗಿ ಗೊಬ್ಬರಗುಂಡಿಯಲ್ಲಿ ಇಳಿದ. ಈಗ ಅವನು ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ಹೆಸರು ಹೇಳುವುದಿಲ್ಲ.

ಹಾಗಾಗಿ ತಮ್ಮಾ ಕಾಳಿದಂಡೆ, ಬೆಟ್ಟಕ್ಕೊಂದು ಹಾಳೆ, ದಾರಿಗೊಂದು ಹಾಳೆ.

ಬಳಚು
ಹೆಸರು ಹೇಳದಿದ್ದರೂ ಗೊಬ್ಬರಗುಂಡಿಯ ಅಣ್ಣ ಇದನ್ನು ಓದುತ್ತಿರಬಹುದು.

ತೊಡದೇವು (ಶಿರಸಿ)
ಗಂಡಸರೆಲ್ಲ ಅಗಲ ಅಗಲ ಅಂತ ಬಡಿದಾಡುತ್ತಿದ್ದೀರಿ. ತೂಕ ಯಾರೂ ಕೇಳಲಿಲ್ಲ. ನಾನು 52 ಕಿಲೋ. ಔಲಿಯಲ್ಲಿ ಎರಡು ಸಲ, ಗುಲ್ಮಾರ್ಗಿನಲ್ಲಿ ಮೂರು ಸಲ ಸ್ಕೀ ಮಾಡಿದ್ದೇನೆ. ನನ್ನದು 88 ಮಿ.ಮೀ., ಮೊಣಕಾಲುಮಟ್ಟದ ಪೌಡರಿನಲ್ಲೂ ನನ್ನನ್ನು ತೇಲಿಸುತ್ತದೆ. 82 ಕಿಲೋದವರಿಗೆ ಅದೇ ಸ್ಕೀ ಮುಳುಗಬಹುದು. ಅದಕ್ಕೇ ಇವರಿಗೆ 118 ಸಿಕ್ಕಾಗ ಸ್ವರ್ಗ ಕಂಡದ್ದು. ಇವರ ತೂಕಕ್ಕೆ 100ರ ಆಸುಪಾಸು ಒಂದು ಜೊತೆ ಇದ್ದರೆ ಎರಡೂ ಕಡೆ ನಡೆಯುತ್ತದೆ ಅಂತ ನನ್ನ ಅಂದಾಜು.

ಇನ್ನೊಂದು ಕೇಳಬೇಕು. ಕಾಳಿದಂಡೆ ಅಣ್ಣ, ಸ್ಕೀ ತಗೊಂಡ ಮೇಲೆ ಎಡ್ಜ್ ಹರಿತ ಮಾಡಿಸಿದ್ದೀರಾ?

ಕಾಳಿದಂಡೆ
ಹರಿತ ಮಾಡಿಸಬೇಕಾ?

ಉಪ್ಪುಗಾಳಿ
ಅಯ್ಯೋ ದೇವರೇ.

ತೊಡದೇವು
ನಾನು ಅಂದುಕೊಂಡದ್ದೇ ಆಯಿತು. ಪೌಡರ್ ಸ್ಕೀ ಇಟ್ಟುಕೊಂಡವರಲ್ಲಿ ಸುಮಾರು ಜನ ಅಂಚಿನ ಕಡೆ ನೋಡುವುದೇ ಇಲ್ಲ, ಮೆತ್ತಗಿನ ಹಿಮದಲ್ಲಿ ಅದರ ಅಗತ್ಯ ಅಷ್ಟು ಬೀಳುವುದಿಲ್ಲ. ಕಲ್ಲಿಗೆ ತಾಗಿ ಮೊಂಡಾಗಿದ್ದರೂ ಗೊತ್ತಾಗುವುದಿಲ್ಲ.

ಈಗಲೇ ಹೋಗಿ ನೋಡಿ. ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರಿನಿಂದ ಬಿಳಿ ಪುಡಿ ಬಂದರೆ ಹರಿತ ಇದೆ. ಸುಮ್ನೆ ಜಾರಿದರೆ ಅದು ಸ್ಕೀ ಅಲ್ಲ, ಊಟದ ಮಣೆ. ಬೆರಳು ಎಳೆಯಬೇಡಿ, ಉಗುರು.

ದೇವಿಮನೆ ತಿರುವು
ಅವರು ಉಗುರು ಎಳೆದು ಬರುವವರೆಗೆ ನನ್ನ ಕತೆ ಕೇಳಿ. ನನ್ನ ಹತ್ತಿರ ಫ್ಯಾಟ್ ಸೈಕಲ್ ಇದೆ, 4 ಇಂಚಿನ ಟೈರು. ಕಾರವಾರದ ಟಾಗೋರ್ ಕಡಲತೀರದಲ್ಲಿ ಗಾಳಿ ಇಳಿಸಿ ಹೊಡೆದರೆ ಮರಳಿನ ಮೇಲೆ ರಾಜ. ಆ ಖುಷಿಯಲ್ಲಿ ಅದನ್ನೇ ದಿನಾ ಆಫೀಸಿಗೆ ಅಂತ ಶುರು ಮಾಡಿದೆ. ಡಾಂಬರಿನ ಮೇಲೆ ಭರ್ರ್ ಅಂತ ಟ್ರ್ಯಾಕ್ಟರ್ ಸದ್ದು, ಏರಿನಲ್ಲಿ ಎತ್ತು ಎಳೆದ ಅನುಭವ. ಒಂದು ದಿನ ಕುಮಟಾಕ್ಕೆ ಇಳಿದು ವಾಪಸ್ ದೇವಿಮನೆ ಘಾಟಿ ಹತ್ತುವಾಗ ಹಾಲಿನ ಡಬ್ಬಿ ಕಟ್ಟಿಕೊಂಡ ಅಜ್ಜ ಹಳೇ ಸೈಕಲ್ಲಿನಲ್ಲಿ ನನ್ನನ್ನು ದಾಟಿ ಹೋದ. ತಿರುಗಿ ನೋಡಿ "ಗಾಳಿ ಹೋಯ್ತನ?" ಅಂತ ಕೇಳಿದ.

ಮೊಣಕಾಲು ನೋವು ಬರಲಿಲ್ಲ. ಮರ್ಯಾದೆ ಹೋಯಿತು, ಅಷ್ಟೇ.

ಹಾಳೆಟೊಪ್ಪಿ
ಘಾಟಿಯಲ್ಲಿ ಹಾಲಿನ ಅಜ್ಜ ಸೈಕಲ್ ತುಳಿದು ಹತ್ತಿದನಾ? ತಳ್ಳಿಕೊಂಡು ಹೋಗಿರಬೇಕು.

ದೇವಿಮನೆ ತಿರುವು
ತಳ್ಳಿಕೊಂಡೇ. ಅದಕ್ಕೇ ಮರ್ಯಾದೆ ಹೋದದ್ದು.

ಕಾಳಿದಂಡೆ
ನೋಡಿ ಬಂದೆ. ಉಗುರು ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಅದಕ್ಕಿಂತ ಕೆಟ್ಟ ಸುದ್ದಿ ಬೇರೆ ಇದೆ. ಅಂಚಿಡೀ ಕೆಂಪು ತುಕ್ಕು. ಫೆಬ್ರವರಿಯಲ್ಲಿ ತಂದವನು ಪ್ಲಾಸ್ಟಿಕ್ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೆ. ಮಳೆಗಾಲ ಪೂರ್ತಿ ಹಾಗೇ ಇತ್ತು. ಬಿಚ್ಚಿದಾಗ ಒಳಗೆ ಬೆವರಿದ ಹಾಗೆ ನೀರಿನ ಹನಿ.

ಉಪ್ಪುಗಾಳಿ
ಸಮುದ್ರದಿಂದ ಒಂದು ಕಿ.ಮೀ. ದೂರದಲ್ಲಿ ಉಕ್ಕಿನ ಅಂಚಿಗೆ ಪ್ಲಾಸ್ಟಿಕ್ ಸುತ್ತಿ ಮಳೆಗಾಲದ ನಾಲ್ಕು ತಿಂಗಳು! ನಮ್ಮ ಕಡೆ ಕಿಟಕಿಯ ಸರಳು ಎರಡು ವರ್ಷಕ್ಕೆ ಪುಡಿಯಾಗುತ್ತದೆ. ನಿಮಗೆ ಗೊತ್ತಿಲ್ಲದ ವಿಷಯವಾ ಇದು?

ಕಾಳಿದಂಡೆ
ಕಿಟಕಿಗೆ ಗೊತ್ತಿತ್ತು. ಸ್ಕೀಗೆ ಹೊಳೆಯಲಿಲ್ಲ.

ಡೆನ್ವರ್ ಭಟ್ಟ
ಹೆದರಬೇಡಿ, ಮೇಲಿನ ತುಕ್ಕಾದರೆ ಹೋಗುತ್ತದೆ. ತುಕ್ಕು ಉಜ್ಜುವ ಗಟ್ಟಿ ರಬ್ಬರ್ ತುಂಡು ಸಿಗುತ್ತದೆ, ಅದರಿಂದ ಅಂಚಿನ ಉದ್ದಕ್ಕೂ ಉಜ್ಜಿ. ಆಮೇಲೆ ಹರಿತ ಮಾಡುವುದು ಮನೆಯಲ್ಲಿ ಬೇಡ, ಗುಲ್ಮಾರ್ಗಿನಲ್ಲಿ ಕೈ ಪಳಗಿದವರ ಹತ್ತಿರ ಮಾಡಿಸಿ. ಸಾಮಾನ್ಯವಾಗಿ ತಳದ ಕಡೆಯಿಂದ 1 ಡಿಗ್ರಿ, ಪಕ್ಕದಿಂದ 2 ಡಿಗ್ರಿ ಕೋನ ಇಡುತ್ತಾರೆ. ಮೇಲೆದ್ದ ತುದಿಗಳ ಹತ್ತಿರ ಸ್ವಲ್ಪ ಮೊಂಡು ಬಿಡಲು ಹೇಳಿ, ಇಲ್ಲದಿದ್ದರೆ ಪೌಡರಿನಲ್ಲಿ ಬೇಡದ ಕಡೆ ಎಳೆಯುತ್ತದೆ.

ಉಪ್ಪುಗಾಳಿಯವರೇ, ಈಗ ಹೇಳಿ. ಮೊಂಡು ಅಂಚಿನಲ್ಲಿ ಒಂಬತ್ತು ದಿನ ಗಟ್ಟಿ ಹಿಮ ಇಳಿದಿದ್ದಾರೆ. ತಪ್ಪು ಅಗಲದ್ದಾ, ಅಂಚಿನದ್ದಾ?

ಉಪ್ಪುಗಾಳಿ
ಎರಡರದ್ದೂ. ಮೊಂಡು ಕತ್ತಿಯಲ್ಲಿ ಕಾಯಿ ಹೆಚ್ಚಿದರೆ ಕೈ ನೋಯುತ್ತದೆ ನಿಜ. ಹಾಗಂತ ಕತ್ತಿ ಮಸೆದ ತಕ್ಷಣ ಅದು ಚಾಕು ಆಗುವುದಿಲ್ಲ. ಮಾಸ್ತರ್ರ 59 ಮಿ.ಮೀ. ಎಲ್ಲಿಗೂ ಹೋಗಿಲ್ಲ.

ಮಾಸ್ತರು
ಇಲ್ಲ, ಅಲ್ಲೇ ಇದೆ.

ಹೊಳೆಸಾಲು (ಹೊನ್ನಾವರ)
ಮೊಣಕಾಲಿನ ಬಗ್ಗೆ ಒಂದು ಮಾತು. "ಒಳಬದಿ ನೋವು" ಅಂದಿರಿ. ನಾನೂ ಹಾಗೇ ಅಂದುಕೊಂಡು ಎಣ್ಣೆ ತಿಕ್ಕಿಸಿಕೊಂಡು ಎರಡು ವರ್ಷ ಕಳೆದೆ. ಮೂರನೇ ವರ್ಷ ಮನಾಲಿ ಹತ್ತಿರದ ಸೋಲಾಂಗಿನಲ್ಲಿ, ಬಿದ್ದದ್ದೂ ಅಲ್ಲ, ನಿಧಾನಕ್ಕೆ ತಿರುಗುವಾಗ ಟಪ್ ಅಂತ ಸದ್ದು ಕೇಳಿತು. ಲಿಗಮೆಂಟ್ (ಕೀಲು ಹಿಡಿದಿಡುವ ಕಟ್ಟು) ಹರಿದಿತ್ತು. ಆಪರೇಷನ್, ಆಮೇಲೆ ಒಂಬತ್ತು ತಿಂಗಳು ವ್ಯಾಯಾಮ. ಸ್ಕೀಯ ಅಗಲವೇ ಕಾರಣ ಅಂತ ನಾನು ಹೇಳುವುದಿಲ್ಲ. ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ ಅಂತ ಮಾತ್ರ ಹೇಳುತ್ತೇನೆ. ಜೊತೆಗೆ ಡಿಸೆಂಬರಿನಿಂದಲೇ ತೊಡೆಗೆ ಕಸರತ್ತು ಶುರು ಮಾಡಿ. ಹನ್ನೊಂದೂವರೆ ತಿಂಗಳು ಕುರ್ಚಿ, ಹದಿನೈದು ದಿನ ಹಿಮಾಲಯ ಅಂದರೆ ಯಾವ ಕಾಲು ಒಪ್ಪುತ್ತದೆ?

ಬೈಂಡಿಂಗ್ ಎಷ್ಟು ಬಿಗಿಗೆ ಇಟ್ಟಿದ್ದಾರೆ ಅಂತಲೂ ನೋಡಿ. ಹಳೇ ಮಾಲೀಕ ತನ್ನ ತೂಕಕ್ಕೆ, ತನ್ನ ಬೂಟಿಗೆ ಇಟ್ಟಿರುತ್ತಾನೆ. ಬಿದ್ದಾಗ ಕಳಚದಿದ್ದರೆ ಹೋಗುವುದು ನಿಮ್ಮ ಕಾಲು.

ಕಾಳಿದಂಡೆ
ಹಳೇ ಮಾಲೀಕ ಆರೂವರೆ ಅಡಿ ಇದ್ದ. ನಾನು ಅದನ್ನು ಮುಟ್ಟೇ ಇಲ್ಲ. ಈಗ ಭಯ ಆಗುತ್ತಿದೆ.

ಹೊಳೆಸಾಲು
ಆಗಬೇಕಾದದ್ದೇ.

ನಿವೃತ್ತ ಫೌಜಿ (ಕಾರವಾರ ತಾಲೂಕು)
ಬಾಬಾ, ನಾನು ಕಾಶ್ಮೀರದಲ್ಲಿ ಆರು ಚಳಿಗಾಲ ಕಳೆದವನು. ನಮಗೆ ಕೊಟ್ಟಿದ್ದು ಉದ್ದದ, ಸಪೂರ ಸ್ಕೀ. ಪೌಡರಿನಲ್ಲಿ ಹೂತುಹೋಗುತ್ತಿದ್ದೆವು, ಬೈಯುತ್ತಿದ್ದೆವು. ಆದರೆ ಒಂದು ಉಪಕಾರ ಇತ್ತು. ಬಾರದವನು ದೂರ ಹೋಗುತ್ತಿರಲಿಲ್ಲ. ಅಗಲದ ಸ್ಕೀ ಬಂದ ಮೇಲೆ ನಾಲ್ಕು ದಿನ ಕಲಿತವನೂ ಅಫರ್ವತ್ತಿನ ಹಿಂಬದಿಗೆ ಇಳಿಯುತ್ತಾನೆ. ಸ್ಕೀ ತೇಲಿಸುತ್ತದೆ, ಗುಡ್ಡ ಕೇಳಬೇಕಲ್ಲ?

ಹಿಮಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ಮಜಾ ಬರುವುದೂ ಅಲ್ಲೇ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನಲ್ಲೇ ರಷ್ಯಾದ ಒಬ್ಬ ಹೀಗೆ ಹಿಮಕುಸಿತದಲ್ಲಿ ತೀರಿಕೊಂಡ. ಗೊಂಡೋಲಾ (ಕೇಬಲ್ ಕಾರ್) ಪಕ್ಕದ ಇಳಿಜಾರನ್ನು ಗಸ್ತಿನವರು ನೋಡಿಕೊಳ್ಳುತ್ತಾರೆ, ಗಡಿ ದಾಟಿದರೆ ಜವಾಬ್ದಾರಿ ನಿಮ್ಮದೇ. ಬೀಕನ್ (ಹೂತವರ ಜಾಗ ತೋರಿಸುವ ಸಂಕೇತದ ಯಂತ್ರ), ಸಲಿಕೆ, ಶೋಧನೆಯ ಕೋಲು, ಈ ಮೂರು ಇಲ್ಲದೆ ಹೋಗಬೇಡಿ. ಇದ್ದರೂ ಅದನ್ನು ಬಳಸಲು ಬರುವ ಜೊತೆಗಾರ ಬೇಕು. ಹೂತವನನ್ನು ಮೊದಲ 15 ನಿಮಿಷದೊಳಗೆ ತೆಗೆಯದಿದ್ದರೆ ಆಸೆ ಬೇಗ ಕುಗ್ಗುತ್ತದೆ.

ಶಿರೂರು ಗುಡ್ಡ ಕುಸಿದದ್ದು ನೋಡಿದ ಜಿಲ್ಲೆ ನಮ್ಮದು. ಗುಡ್ಡ ಯಾರನ್ನೂ ಕೇಳಿ ಇಳಿಯುವುದಿಲ್ಲ.

ದೇವಿಮನೆ ತಿರುವು
ಆದರೆ ಅಗಲದ ಸ್ಕೀ ಮೇಲೆ ತೇಲುವುದರಿಂದ ಹಿಮಕುಸಿತದಲ್ಲೂ ಮೇಲೆಯೇ ಉಳಿಯುತ್ತೇವೆ ಅಂತ ಎಲ್ಲೋ ಓದಿದ್ದೆ?

ನಿವೃತ್ತ ಫೌಜಿ
ತಪ್ಪು. ದೊಡ್ಡ ತಪ್ಪು. ಕುಸಿತದಲ್ಲಿ ಸಿಕ್ಕಾಗ ಕಾಲಿಗೆ ಅಂಟಿದ ಸ್ಕೀ ಲಂಗರಿನ ಹಾಗೆ ಕೆಳಗೆ ಎಳೆಯುತ್ತದೆ. ಅಗಲವಾದಷ್ಟೂ ಎಳೆತ ಜಾಸ್ತಿ. ಓದಿದ್ದನ್ನು ಮರೆತುಬಿಡಿ.

ಡೆನ್ವರ್ ಭಟ್ಟ
ಫೌಜಿ ಸರ್ ಸಪೂರ ಸ್ಕೀ ಅಂದಾಗ ನೆನಪಾಯಿತು. ಈ ಅಗಲದ ಸ್ಕೀ ಹುಟ್ಟಿದ್ದರ ಹಿಂದೆ ಮಜವಾದ ಕತೆ ಇದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರಿಯಾದ ಅಟಾಮಿಕ್ ಕಂಪನಿ ಒಂದು ಅಗಲದ ಸ್ಕೀ ಮಾಡಿತು, ಜನ ಅದನ್ನು ಫ್ಯಾಟ್ ಬಾಯ್ ಅಂತ ಕರೆದರು. ಕೆನಡಾದಲ್ಲಿ ಹೆಲಿಕಾಪ್ಟರಿನಲ್ಲಿ ಮೇಲೆ ಹೋಗಿ ಇಳಿಯುವ ವಯಸ್ಸಾದ ಗಿರಾಕಿಗಳು ಅದನ್ನು ಹಿಡಿದುಕೊಂಡರು. ಗಟ್ಟಿ ಆಟಗಾರರು ನಕ್ಕರು, ಅದು ಬಾರದವರ ಊರುಗೋಲು ಅಂತ.

ಆಮೇಲೆ ಶೇನ್ ಮೆಕಾಂಕಿ ಅನ್ನುವ ಸ್ಕೀ ಆಟಗಾರ ಬಂದ. ಅವನ ಯೋಚನೆ ಸರಳ. ಪೌಡರ್ ಅಂದರೆ ಬೆಟ್ಟಕ್ಕಿಂತ ನೀರಿಗೆ ಹತ್ತಿರ, ಅಲ್ವಾ? ಹಾಗಾದರೆ ಸ್ಕೀ ನೀರಿನ ಸ್ಕೀಯ ಹಾಗೆ ಇರಬೇಕು. ಅಲಾಸ್ಕಾದಲ್ಲಿ ನಿಜವಾಗಿಯೂ ನೀರಿನ ಸ್ಕೀಗೆ ಬೈಂಡಿಂಗ್ ಕೂರಿಸಿಕೊಂಡು ಬೆಟ್ಟ ಇಳಿದ. ಅದರಿಂದ 2000ರ ದಶಕದ ಆರಂಭದಲ್ಲಿ ವೋಲಾಂಟ್ ಕಂಪನಿಯ ಸ್ಪಾಚುಲಾ ಅನ್ನುವ ಸ್ಕೀ ಹುಟ್ಟಿತು. ಸೊಂಟವೇ ಎಲ್ಲಕ್ಕಿಂತ ಅಗಲ, ತುದಿಗಳು ದೋಣಿಯ ಮೂತಿಯ ಹಾಗೆ ಮೇಲಕ್ಕೆ. ಅಲ್ಲಿಯವರೆಗಿನ ಸ್ಕೀಯನ್ನು ತಲೆಕೆಳಗು ಮಾಡಿದ ಹಾಗೆ. ಅವನು 2009ರಲ್ಲಿ ಇಟಲಿಯಲ್ಲಿ ಸ್ಕೀ ಹಾಕಿ ಬಂಡೆಯಿಂದ ಜಿಗಿಯುವಾಗ ತೀರಿಕೊಂಡ. ಇವತ್ತು ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಕೀಯ ತುದಿಯಲ್ಲೂ ಅವನ ಆ ಬಾಗು ಇದೆ.

ಬಳಚು
ಹಾಗಾದರೆ ಇದು ನಮ್ಮ ಕಡೆಯ ವಿದ್ಯೆಯೇ ಆಯಿತು. ನೀರಿನಿಂದ ಬೆಟ್ಟಕ್ಕೆ ಹೋದದ್ದು. ಅಘನಾಶಿನಿ ಹೊಳೆಯ ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಆರಿಸುವವರನ್ನು ಕೇಳಿ, ಕಾಲು ಹೂಳದೆ ನಡೆಯುವುದು ಹೇಗೆ ಅಂತ ಹೇಳುತ್ತಾರೆ.

ಹಾಳೆಟೊಪ್ಪಿ
ಹೇಗೆ?

ಬಳಚು
ನಿಲ್ಲಬಾರದು. ನಿಂತರೆ ಹೂತಿರಿ.

ಡೆನ್ವರ್ ಭಟ್ಟ
ಪೌಡರಿನಲ್ಲೂ ಅದೇ! ವೇಗ ಇದ್ದರೆ ತೇಲುತ್ತೀರಿ. ಹೆದರಿ ನಿಧಾನ ಮಾಡಿದರೆ ಎಷ್ಟು ಅಗಲ ಇದ್ದರೂ ಮುಳುಗು.

ತೊಡದೇವು
ಇಲ್ಲಿ ಎಲ್ಲರೂ ತತ್ವಜ್ಞಾನಿಗಳಾದರು. ಅಣ್ಣನಿಗೆ ಉತ್ತರ ಯಾರು ಕೊಡುತ್ತೀರಿ? ನಾನು ಹೇಳುತ್ತೇನೆ. 118 ಮಾರಬೇಡಿ, 22 ಸಾವಿರಕ್ಕೆ ಇನ್ನೊಮ್ಮೆ ಸಿಗುವುದಿಲ್ಲ. ಗಟ್ಟಿ ಹಿಮದ ದಿನ ಅಲ್ಲೇ 80ರ ಸ್ಕೀ ಬಾಡಿಗೆಗೆ ತಗೊಳ್ಳಿ. ದಿನದ ಲೆಕ್ಕದಲ್ಲಿ ಸಿಗುತ್ತದೆ. ಬೂಟು ನಿಮ್ಮದೇ ಇರಲಿ. ಬೂಟಿನ ತಳ ಬಾಡಿಗೆ ಬೈಂಡಿಂಗಿಗೆ ಹೊಂದುತ್ತದಾ ಅಂತ ಮಾತ್ರ ಮೊದಲ ದಿನ ಕೇಳಿ. ಈಗ ಉಬ್ಬಿದ ರಬ್ಬರ್ ತಳದ ಬೂಟು ಬರುತ್ತಿವೆ, ಹಳೇ ಬೈಂಡಿಂಗ್ ಎಲ್ಲವೂ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಔಲಿಗೆ 118 ಒಯ್ಯಲೇಬೇಡಿ.

ಉಪ್ಪುಗಾಳಿ
ಬಾಡಿಗೆ ಸ್ಕೀಯ ಅಂಚು ಇವರದ್ದಕ್ಕಿಂತ ಮೊಂಡಾಗಿರುತ್ತದೆ. ಅದಕ್ಕೂ ಉಗುರು ಪರೀಕ್ಷೆ ಮಾಡಿಯೇ ತಗೊಳ್ಳಿ. ಉಳಿದದ್ದಕ್ಕೆ ನನ್ನ ಒಪ್ಪಿಗೆ ಇದೆ, ಒಲ್ಲದ ಮನಸ್ಸಿನಿಂದ.

ಮಂಗಳಾ ಎಕ್ಸ್‌ಪ್ರೆಸ್ (ಕಾರವಾರ)
ತಡವಾಗಿ ಬಂದೆ. ಒಂದೇ ಪ್ರಶ್ನೆ. 184 ಸೆಂ.ಮೀ. ಸ್ಕೀಯನ್ನು ದೆಹಲಿಯಿಂದ ಕಾರವಾರಕ್ಕೆ ರೈಲಿನಲ್ಲಿ ಹೇಗೆ ತಂದಿರಿ? ಬರ್ತೇ ಹೆಚ್ಚುಕಡಿಮೆ ಅಷ್ಟುದ್ದ ಇರುತ್ತದೆ.

ಕಾಳಿದಂಡೆ
ಅದು ಬೇರೆಯೇ ಪುರಾಣ. ತರುವಾಗ ಸೀಟಿನ ಕೆಳಗೆ ಓರೆಯಾಗಿ ತುರುಕಿ, ತುದಿ ಒಂದು ಗೇಣು ದಾರಿಗೆ ಬಂದಿತ್ತು. ರತ್ನಾಗಿರಿಯಲ್ಲಿ ಹತ್ತಿದ ಮಾವಿನಕಾಯಿ ವ್ಯಾಪಾರಿ ಎರಡು ಸಲ ಎಡವಿದ. "ಏನ್ ಇದು, ದೋಣಿ ಹುಟ್ಟಾ?" ಅಂತ ಕೇಳಿದ. ಹೌದು ಅಂದುಬಿಟ್ಟೆ. ವಿವರಿಸುವ ಶಕ್ತಿ ಇರಲಿಲ್ಲ.

ಮಂಗಳಾ ಎಕ್ಸ್‌ಪ್ರೆಸ್
ಈಗ ಕಟ್ರಾದಿಂದ ಶ್ರೀನಗರಕ್ಕೂ ರೈಲು ಬಂದಿದೆ, 2025ರ ಜೂನಿನಿಂದ. ವಿಮಾನದವರ ಜೊತೆ ಉದ್ದದ ಸಾಮಾನಿನ ಜಗಳ ಬೇಡ ಅಂದರೆ ಅದನ್ನು ನೋಡಿ. ಶಿರವಾಡದಲ್ಲಿ (ಕಾರವಾರದ ರೈಲು ನಿಲ್ದಾಣ) ಹತ್ತಿ, ಎರಡು ಕಡೆ ಗಾಡಿ ಬದಲಿಸಿದರೆ ಕಣಿವೆ ಮುಟ್ಟಬಹುದು.

ಉಪ್ಪುಗಾಳಿ
ರೈಲಿನ ಮಾತು ಆಮೇಲೆ. ಮುಂದಿನ ಮಳೆಗಾಲಕ್ಕೆ ಸ್ಕೀ ಹೇಗೆ ಇಡುತ್ತೀರಿ, ಅದು ಹೇಳಿ. ಮತ್ತೆ ಮಂಚದ ಕೆಳಗಾ?

ತೊಡದೇವು
ನಾನು ಹೀಗೆ ಮಾಡುತ್ತೇನೆ. ಊರಿಗೆ ಬಂದ ದಿನವೇ ಚೀಲದಿಂದ ತೆಗೆದು ಒರೆಸಿ, ಎರಡು ದಿನ ಫ್ಯಾನಿನ ಕೆಳಗೆ. ಆಮೇಲೆ ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಬಳಿದು, ಕೆರೆಯದೆ ಹಾಗೇ ಬಿಡುವುದು. ಮೇಣವನ್ನು ಮುಂದಿನ ಚಳಿಗಾಲದಲ್ಲಿ ಹಿಮಕ್ಕೆ ಇಳಿಸುವ ಮೊದಲು ಕೆರೆಯುತ್ತೇನೆ. ಪ್ಲಾಸ್ಟಿಕ್ ಸುತ್ತಬೇಡಿ, ಹಳೇ ಹತ್ತಿ ಸೀರೆ ಸಾಕು. ಜಾಗ ಅಟ್ಟ. ಅಡಿಗೆ ಒಲೆಯ ಮೇಲಿನ ಅಟ್ಟವಾದರೆ ಬೆಚ್ಚಗಿರುತ್ತದೆ, ಅಡಿಕೆ ಒಣಗಿದ ಹಾಗೆ ಒಣಗಿರುತ್ತದೆ.

ಹಾಳೆಟೊಪ್ಪಿ
ತಂಗೀ, ಒಲೆಯ ಮೇಲೆ ಮೇಣ ಕರಗಿ ಅನ್ನದ ಚರಿಗೆಗೆ ಬೀಳುವುದಿಲ್ಲವಾ?

ತೊಡದೇವು
ನಮ್ಮ ಮನೆಯಲ್ಲಿ ಒಲೆ ಹೋಗಿ ಗ್ಯಾಸ್ ಬಂದು ಇಪ್ಪತ್ತು ವರ್ಷ ಆಯಿತು ಅಣ್ಣ. ಅಟ್ಟಕ್ಕೆ ಹಳೇ ಹೆಸರು ಉಳಿದಿದೆ.

ಡೆನ್ವರ್ ಭಟ್ಟ
ಸ್ಕೀಗಿಂತ ಬೂಟಿನ ಚಿಂತೆ ಮಾಡಿ. ಹಳೇ ಸ್ಕೀ ಬೂಟಿನ ಪ್ಲಾಸ್ಟಿಕ್ಕಿಗೆ ತೇವ, ಸೆಕೆ ಎರಡೂ ಆಗುವುದಿಲ್ಲ. ಹೊರಗೆ ಚಂದ ಕಾಣುತ್ತದೆ, ಒಳಗೊಳಗೇ ಪುಡಿಯಾಗುತ್ತಿರುತ್ತದೆ. ಒಂದು ದಿನ ಬಕಲ್ ಹಾಕುವಾಗ ಬಿಸ್ಕೀಟಿನ ಹಾಗೆ ಮುರಿದು ಬೀಳುತ್ತದೆ. ನಿಮ್ಮದು ಎಷ್ಟು ವರ್ಷ ಹಳೆಯದು?

ಕಾಳಿದಂಡೆ
ಬೂಟು ಕೂಡ ಅದೇ ಆರೂವರೆ ಅಡಿಯವನ ಗೆಳೆಯನಿಂದ ತಗೊಂಡದ್ದು. ಒಳಗಿನ ಚೀಟಿಯಲ್ಲಿ 2006 ಅಂತ ಇದೆ.

ಉಪ್ಪುಗಾಳಿ
ನಾನು ಮಲಗುತ್ತೇನೆ.

ಹೊಳೆಸಾಲು
ಇವರ ಮೊಣಕಾಲು ಇಷ್ಟು ದಿನ ಉಳಿದದ್ದೇ ದೊಡ್ಡದು. ಸ್ಕೀ ಬಿಡಿ, ಮೊದಲು ಬೂಟು ಹೊಸದು ತಗೊಳ್ಳಿ. ಸಡಿಲ ಬೂಟು ಹಾಕಿಕೊಂಡು ಅಗಲದ ಸ್ಕೀ ವಾಲಿಸುವುದು ಅಂದರೆ ಉದ್ದ ಹಿಡಿಯ ಪೊರಕೆಯಲ್ಲಿ ಬರೆಯಲು ಕೂತ ಹಾಗೆ.

ಕಾಳಿದಂಡೆ
ಎಲ್ಲರಿಗೂ ಉಪಕಾರ ಆಯಿತು. ತೀರ್ಮಾನ ಇಷ್ಟು. ಸ್ಕೀ ಮಾರುವುದಿಲ್ಲ. ತುಕ್ಕು ಉಜ್ಜಲು ನಾಳೆ ಶುರು. 90ರ ಸ್ಕೀಗೆ ಅಂತ ಇಟ್ಟ ದುಡ್ಡು ಬೂಟಿಗೆ ಹೋಗುತ್ತದೆ, ಅಂಗಡಿಯಲ್ಲೇ ಕಾಲಿಟ್ಟು ನೋಡಿ ತಗೊಳ್ಳುತ್ತೇನೆ. ಬೈಂಡಿಂಗನ್ನು ಗುಲ್ಮಾರ್ಗಿನಲ್ಲಿ ಹೊಸ ಬೂಟಿಗೆ, ನನ್ನ ತೂಕಕ್ಕೆ ಸರಿ ಮಾಡಿಸುತ್ತೇನೆ. ಗಟ್ಟಿ ಹಿಮದ ದಿನ ಬಾಡಿಗೆ. ಡಾಕ್ಟರ ಹತ್ತಿರ ಗುರುವಾರ ಹೋಗುತ್ತೇನೆ. ಔಲಿಗೆ ಬರಿಗೈ.

ಅಟ್ಟ ನಮ್ಮ ಫ್ಲಾಟಿನಲ್ಲಿ ಇಲ್ಲ. ಹೆಂಡತಿ ಈಗಷ್ಟೇ ಹಿಂದಿನಿಂದ ಬಂದು ಇದನ್ನೆಲ್ಲ ಓದಿದಳು. "ಹತ್ತಿ ಸೀರೆ ಕೇಳಿದರೆ ನೋಡು" ಅಂದಳು.

ತೊಡದೇವು
ಹಳೇ ಪಂಚೆಯೂ ನಡೆಯುತ್ತದೆ.

ಹಾಳೆಟೊಪ್ಪಿ
ಶಿರಸಿಗೆ ತಂದು ನಮ್ಮ ಅಟ್ಟದಲ್ಲಿಡು ತಮ್ಮಾ. ಬಾಡಿಗೆ ಬೇಡ. ಮಾರ್ಚಿನಲ್ಲಿ ಒಮ್ಮೆ ದರಕಿನ ಮೇಲೆ ಹಾಕಿ ನೋಡುತ್ತೇನೆ, ಅಷ್ಟೇ.

ಕಾಳಿದಂಡೆ
ಬೇಡ ಹಾಳೆಟೊಪ್ಪಿ ಅಣ್ಣ, ಪಂಚೆ ಇದೆ.